ಹೋರಿ ಬಿಟ್ಟ ವರ್ಷದ ಕಾರಹುಣ್ಣಿಮೆ

ಆ ಮನೆಯಲ್ಲಿ ಊಟಕ್ಕೆ ಕೂತರೆ ಎದುರಿಗೆ ಕಾಣುತ್ತಿದ್ದದ್ದು ಟಿವಿ ಅಲ್ಲ, ಹೋರಿ. ನಮ್ಮ ಅಡುಗೆಮನೆಯ ಕಿಟಕಿಗೂ ಹೋರಿ ಕಟ್ಟುವ ಕೊಟ್ಟಿಗೆಯ ಕಬ್ಬಿಣದ ಗೇಟಿಗೂ ನಡುವೆ ಇದ್ದದ್ದು ಒಂದು ಸಿಮೆಂಟಿನ ಅಂಗಳ ಮಾತ್ರ. ನಾನು ತಟ್ಟೆಯಲ್ಲಿ ಅನ್ನ ಕಲಸುವ ಹೊತ್ತಿಗೆ ಅದೂ ತನ್ನ ತೊಟ್ಟಿಗೆ ಮೂತಿ ಇಳಿಸುತ್ತಿತ್ತು. ನಾನು ಊಟ ಬೇಡವೆಂದು ಹಟ ಹಿಡಿದರೆ ಅಮ್ಮ ಕಿಟಕಿಯ ಕಡೆ ಕೈ ತೋರಿಸಿ, ಅದನ್ನು ನೋಡಿ ಕಲಿ ಎನ್ನುತ್ತಿದ್ದಳು. ಹೀಗೆ ಒಂದು ಟನ್ ತೂಕದ ಪ್ರಾಣಿ ನನ್ನ ಬಾಲ್ಯದ ಆದರ್ಶವಾಯಿತು. ನಮಗೆ ಗೊತ್ತಿದ್ದ ಬೇರೆ ಕನ್ನಡದವರೆಲ್ಲ ನಗರದ ಅಂಚಿನ ಬ್ಲಾಂಚರ್ಡ್ಸ್‌ಟೌನಿನ ಸುತ್ತ ಇದ್ದರು. ಅಲ್ಲಿನ ಮಕ್ಕಳ ಅಪ್ಪಂದಿರು ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಗೋ ಇನ್ನಾವುದೋ ಆಫೀಸಿಗೋ ಹೋಗಿ ಇಸ್ತ್ರಿ ಕೆಡದ ಅಂಗಿಯಲ್ಲೇ ಮನೆಗೆ ಬರುತ್ತಿದ್ದರು. ನಮ್ಮಪ್ಪನೂ ಓದಲೆಂದೇ ಐರ್ಲೆಂಡಿಗೆ ಬಂದವನು. ಆದರೆ ಅವನು ಓದಿದ್ದು ದನಗಳ ವಿಚಾರ. ಓದು ಮುಗಿದ ಮೇಲೆ ಗಮ್‌ಬೂಟು ಹಾಕಿಕೊಂಡು ಮೀತ್ ಸೀಮೆಯ ಈ ಹಳ್ಳಿಗೆ ಬಂದು ದನದ ಮಂದೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಬಾಗಿಲ ಹೊರಗೆ ಬೂಟು ಬಿಚ್ಚಿ, ಬಟ್ಟೆ ಬದಲಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೆಯೇ ಅವನಿಗೆ ಒಳಗೆ ಪ್ರವೇಶ. ಅಷ್ಟಾದರೂ ಅವನ ಜೊತೆ ಒಂದು ಹುಲ್ಲಿನ ವಾಸನೆ ಬರುತ್ತಿತ್ತು. ನನಗೆ ಇವತ್ತಿಗೂ ಅಪ್ಪ ಎಂದರೆ ಆ ವಾಸನೆಯೇ.

ಮಂದೆಯ ಒಡತಿ ನೋರಾ. ಎಪ್ಪತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ಎತ್ತರದ, ಒಣಕಲು ಹೆಂಗಸು. ಮಳೆ ಇರಲಿ ಬಿಸಿಲಿರಲಿ ಅದೇ ಹಸಿರು ಕೋಟು. ಅವಳಿಗೆ ಅರವತ್ತು ಹಸುಗಳಿದ್ದವು, ಹಾಲಿಗಲ್ಲ. ಕರುಗಳು ತಾಯಿಯ ಹಾಲನ್ನೆಲ್ಲ ಕುಡಿದು ಬೆಳೆಯುತ್ತಿದ್ದವು, ಬೆಳೆದ ಮೇಲೆ ಮಾಂಸಕ್ಕೆ ಹೋಗುತ್ತಿದ್ದವು. ಅಪ್ಪನ ಕೆಲಸದ ಜೊತೆಗೇ ನಮಗೆ ಬಂದದ್ದು ಆ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಸದಾ ಥಂಡಿ ಹೊಡೆಯುವ ಬಚ್ಚಲು. ಅದಕ್ಕೆ ಮೊದಲು ನಾವು ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆವು. ಪ್ರತಿ ಮನೆಯಲ್ಲೂ ಒಗ್ಗರಣೆಯ ವಾಸನೆಯ ಬಗ್ಗೆ ಯಾರಾದರೊಬ್ಬರು ಮೂಗು ಮುರಿಯುತ್ತಿದ್ದರು. ಇಲ್ಲಿ ಮೂಗು ಮುರಿಯಲು ಹೋರಿ ಬಿಟ್ಟರೆ ಯಾರೂ ಇರಲಿಲ್ಲ. ಅಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಕಿಟಕಿ ತೆರೆದಿಟ್ಟು, ಸಾಸಿವೆ ಸಿಡಿಸಿ ನಿರಾಳವಾಗಿ ಉಸಿರು ಬಿಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಆ ವರ್ಷದ ಏಪ್ರಿಲ್‌ನಲ್ಲಿ ನೋರಾ ಅದೇ ಅಡುಗೆಮನೆಯಲ್ಲಿ ಕೂತು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಮಾತು ಹೇಳಿದಳು.

"ಮಂಜು, ಹೋದ ವರ್ಷ ತುಂಬಾ ಹಸು ಗಬ್ಬ ಆಗದೆ ಖಾಲಿ ಉಳಿದ್ವು. ಈ ಸಲ ಹೋರಿ ವಿಚಾರ ಎಲ್ಲಾ ನಿನ್ನ ಕೈಗೇ ಬಿಡ್ತೀನಿ. ಈ ಸಲವೂ ಹಾಗೇ ಆದ್ರೆ ದನ ಮಾರಿ, ಜಮೀನನ್ನ ಅಣ್ಣನ ಮಗನಿಗೆ ಗುತ್ತಿಗೆಗೆ ಕೊಡ್ತೀನಿ. ನನಗೂ ವಯಸ್ಸಾಯ್ತು."

"ಮನೆ?" ಅಮ್ಮ ಕೇಳಿದಳು.

"ಮನೆ ಜಮೀನಿನ ಜೊತೆಗೇ ಹೋಗುತ್ತೆ, ಮಗಳೇ. ಸುಳ್ಳು ಹೇಳಲಾರೆ."

ಅವಳು ಹೋದ ಮೇಲೆ ಅಪ್ಪ ಅಮ್ಮ ಜಗಳವಾಡಿದರು. ಬಡಪಾಯಿ ಅಪ್ಪ ಆ ವಾರವಷ್ಟೇ ನೋರಾಳನ್ನು ಒಪ್ಪಿಸಿ ಒಂದು ಹೊಸ ಹೋರಿ ಕೊಳ್ಳಿಸಿದ್ದ. ಕೆಂಪು ಮೈಯ, ಆಗಷ್ಟೇ ಎರಡು ವರ್ಷ ತುಂಬಿದ್ದ ಹೋರಿ. ಹಳೆಯದೊಂದು ಹೋರಿ ಮೊದಲೇ ಇತ್ತು, ಕೆನೆಬಣ್ಣದ್ದು. ಗತ್ತಿನ ನಡಿಗೆಗೆ ನೋರಾ ಅದನ್ನು ಬಿಷಪ್ ಎಂದು ಕರೆಯುತ್ತಿದ್ದಳು. ಗೊತ್ತಿದ್ದ ಬಿಷಪ್ಪನನ್ನು ಬಿಟ್ಟು ಗೊತ್ತಿಲ್ಲದ ಹುಡುಗನ ಮೇಲೆ ನಮ್ಮ ಮನೆಯನ್ನು ಪಣಕ್ಕಿಟ್ಟೆಯಲ್ಲ ಎಂಬುದು ಅಮ್ಮನ ವಾದ. ಅರವತ್ತು ಹಸುವಿಗೆ ಒಂದೇ ಹೋರಿ ಸಾಲದು, ಎರಡು ಗುಂಪು ಮಾಡಿ ಎರಡು ಹೋರಿ ಬಿಡಬೇಕು ಎಂಬುದು ಅಪ್ಪನ ವಾದ. ಇಬ್ಬರದೂ ಸರಿಯಾಗಿಯೇ ಇತ್ತು. ಅದಕ್ಕೇ ಆ ಜಗಳ ಮುಗಿಯಲಿಲ್ಲ, ಬರೀ ತಣ್ಣಗಾಯಿತು.

ಹೋರಿ ಬಿಡುವುದು ಎಂದರೆ ನಮ್ಮ ಹಿರಿಯೂರಿನ ಕಡೆಯಂತಲ್ಲ. ಅಲ್ಲಿ ಹಸು ಬೆದೆಗೆ ಬಂದರೆ ಹಗ್ಗ ಹಿಡಿದು ಹೋರಿ ಇದ್ದಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ. ಇಲ್ಲಿ ಮೇ ತಿಂಗಳ ನಡುವೆ ಹೋರಿಯನ್ನೇ ಹಸುಗಳ ಜೊತೆ ಹುಲ್ಲುಗಾವಲಿಗೆ ಬಿಟ್ಟು, ಒಂಬತ್ತು ವಾರವಾದ ಮೇಲೆ ಹೊರಗೆ ತರುತ್ತಾರೆ. ಅಷ್ಟರಲ್ಲಿ ಗಬ್ಬವಾದ ಹಸುಗಳು ಮುಂದಿನ ವಸಂತದಲ್ಲಿ ಒಟ್ಟಿಗೆ ಕರು ಹಾಕುತ್ತವೆ, ಹೊಸ ಹುಲ್ಲು ಬರುವ ಹೊತ್ತಿಗೆ ಸರಿಯಾಗಿ. ಗಬ್ಬ ನಿಲ್ಲದ್ದು ಆ ವರ್ಷಕ್ಕೆ ಗೊಡ್ಡು. ಯಾವ ಹಸುವಿನ ಮೇಲೆ ಹೋರಿ ಹಾರಿತು ಎಂದು ತಿಳಿಯಲು ಹೋರಿಯ ಗದ್ದದ ಕೆಳಗೆ ಬಣ್ಣ ತುಂಬಿದ ಒಂದು ಉಂಡೆಯನ್ನು ಪಟ್ಟಿ ಹಾಕಿ ಕಟ್ಟುತ್ತಾರೆ. ಹಾರಿ ಇಳಿಯುವಾಗ ಹಸುವಿನ ಬೆನ್ನಿಗೆ ಬಣ್ಣ ಬಳಿದುಕೊಳ್ಳುತ್ತದೆ. ಮೊದಲ ಮೂರು ವಾರ ನೀಲಿ. ಆಮೇಲೆ ನೀಲಿ ಇರುವ ಹಸುಗಳ ನಂಬರನ್ನೆಲ್ಲ ಬರೆದುಕೊಂಡು ಬಣ್ಣವನ್ನು ಕೆಂಪಿಗೆ ಬದಲಿಸುವುದು. ನೀಲಿ ಇದ್ದ ಹಸುವಿಗೆ ಮತ್ತೆ ಕೆಂಪು ಬಿದ್ದರೆ ಮೊದಲನೆಯದು ನಿಲ್ಲಲಿಲ್ಲ ಎಂದರ್ಥ. ಇದನ್ನೆಲ್ಲ ಅಪ್ಪ ನನಗೆ ಫ್ರಿಜ್ ಮೇಲೆ ಅಂಟಿಸಿದ ಪಟ್ಟಿ ತೋರಿಸಿ ಬಿಡಿಸಿ ಹೇಳಿದ್ದ. ಒಂಬತ್ತು ವರ್ಷದ ನನಗೆ ಅದು ಮಗ್ಗಿಯಂತೆ ಬಾಯಿಪಾಠವಾಗಿತ್ತು. ಈ ಮಾತನ್ನು ನಾನು ಇಲ್ಲಿಯೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಮೇ ಕೊನೆಗೆ ಅಜ್ಜಿ ಬಂದಳು, ಅಪ್ಪನ ಅವ್ವ. ಮೂರು ತಿಂಗಳ ವೀಸಾ, ಒಂದು ಸೂಟ್‌ಕೇಸ್ ತುಂಬ ರಾಗಿಹಿಟ್ಟು. ಊರಿನಲ್ಲಿ ಎಲ್ಲರಿಗೂ ಅಮ್ಮ ನಮ್ಮದು ಡೈರಿ ಎಂದು ಹೇಳಿದ್ದಳು. ದೊಡ್ಡ ಡೈರಿ, ಮಂಜುನಾಥ ಮ್ಯಾನೇಜರ್ರು. ಫೋನಿನಲ್ಲಿ ಹೇಳುವಾಗ ಆ ಸುಳ್ಳಿಗೆ ಒಂದು ಕಾಂತಿಯೂ ಇತ್ತು. ಆದರೆ ಅಜ್ಜಿ ಎಂಟನೆಯ ವಯಸ್ಸಿನಿಂದ ದನ ನೋಡಿದವಳು. ಬಂದ ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಅಂಗಳದಲ್ಲಿ ಸುಮ್ಮನೆ ಕಣ್ಣಾಡಿಸಿ ಕೇಳಿದಳು:

"ಮಂಜಾ, ಹಾಲು ಕರಿಯೋದು ಎಲ್ಲಪ್ಪಾ?"

"ಕರಿಯಲ್ಲ ಅವ್ವಾ. ಕರುಗಳೇ ಕುಡೀತವೆ."

"ಹೂಡಕ್ಕೆ?"

"ಇಲ್ಲ. ಟ್ರ್ಯಾಕ್ಟರ್ ಐತೆ."

"ಮತ್ಯಾಕ್ ಸಾಕ್ತಾರೆ?"

ಅಪ್ಪ ಬೂಟು ಹುಡುಕುವ ನೆಪದಲ್ಲಿ ಬಾಗಿಲ ಕಡೆ ಹೋದ. ಅಮ್ಮ ಒಲೆಯ ಕಡೆ ತಿರುಗಿ ಉಕ್ಕದ ಹಾಲಿನ ಉರಿ ಸಣ್ಣ ಮಾಡಿದಳು. ಅಜ್ಜಿ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಹೋಗಿ "ಆರ್ ಯು ಗ್ರ್ಯಾಂಡ್, ಅಜ್ಜಿ?" ಎಂದೆ, ಹುಷಾರಾಗಿದ್ದೀಯಾ ಎಂದು ಇಲ್ಲಿಯವರು ಕೇಳುವುದೇ ಹಾಗೆ. ಕನ್ನಡ ನನಗೆ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಮೀತ್ ಸೀಮೆಯ ಇಂಗ್ಲಿಷು ಬರುತ್ತಿತ್ತು. ಅವಳು ತಲೆ ಸವರಿದಳು. ಸಂಜೆ ತಾನಾಗಿಯೇ ಎದ್ದು ಮುಖ ತೊಳೆದು ಮುದ್ದೆ ಕಟ್ಟಿ, ಅಪ್ಪನ ತಟ್ಟೆಗೆ ಹಾಕುತ್ತಾ ಹೇಳಿದಳು:

"ಅವ್ರ ದೇಶ, ಅವ್ರ ಊಟ. ನಾನ್ಯಾರು ಕೇಳಕ್ಕೆ. ಇರೋ ಗಂಟ ಹೊಟ್ಟೆ ತುಂಬ ಮೇಯ್ಸು. ಹೊಡೀಬ್ಯಾಡ, ಬೈಬ್ಯಾಡ. ಅಷ್ಟು ಮಾಡು."

ಅಪ್ಪ ಮುದ್ದೆ ಮುರಿಯುತ್ತಾ ಹೂಂ ಎಂದ. ಅವನ ಕಣ್ಣು ತುಂಬಿತ್ತು. ಅಮ್ಮ ಊರಿಗೆ ಫೋನು ಮಾಡಿದಾಗ ಡೈರಿ ಎನ್ನುವುದನ್ನು ಅಂದಿನಿಂದ ನಿಲ್ಲಿಸಿದಳು. ಅಜ್ಜಿಗೆ ಆ ದಿನ ಅಷ್ಟು ಸಂಕಟವಾಗಿದ್ದರೂ ಅದನ್ನು ಅಪ್ಪನ ತಟ್ಟೆಗೆ ಬಡಿಸಲಿಲ್ಲವಲ್ಲ, ಅದಕ್ಕೆ ನಾನು ಅವಳಿಗೆ ಋಣಿ.

ಹತ್ತು ದಿನ ಕಳೆದು ಕಾರಹುಣ್ಣಿಮೆ ಬಂತು. ನಮ್ಮ ಕಡೆ ಬಿತ್ತನೆಗೆ ಮುಂಚೆ ಬರುವ ಎತ್ತುಗಳ ಹಬ್ಬ ಅದು. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಕೈಯಚ್ಚು ಒತ್ತಿ, ಹೋಳಿಗೆ ತಿನ್ನಿಸುತ್ತಾರೆ. ಅಜ್ಜಿ ಬೆಳಿಗ್ಗೆಯೇ ಬ್ಲಾಂಚರ್ಡ್ಸ್‌ಟೌನಿನಿಂದ ತರಿಸಿದ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿದ್ದಳು. ಅಮ್ಮ ಡ್ಯೂಟಿಗೆ ಹೋಗಿದ್ದಳು. ಅದೇ ದಿನ ಅಪ್ಪ ಬಣ್ಣ ಬದಲಿಸಲೆಂದು ಹೊಸ ಹೋರಿಯ ಗುಂಪನ್ನು ಹುಲ್ಲುಗಾವಲಿನಿಂದ ಅಂಗಳಕ್ಕೆ ತಂದಿದ್ದ. ಮೂವತ್ತು ಹಸು. ಅಜ್ಜಿ ಕೆಂಚ ಎಂದು ಹೆಸರಿಟ್ಟಿದ್ದ ಆ ಹೋರಿಯನ್ನು ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದ. ಹಸುಗಳು ಕಬ್ಬಿಣದ ಕಂಬಿಗಳ ನಡುವಿನ ಕಿರಿದಾದ ಓಣಿಯಲ್ಲಿ ಒಂದರ ಹಿಂದೊಂದು ನಿಂತಿದ್ದವು. ಓಣಿಯ ಪಕ್ಕದ ಎತ್ತರದ ಕಟ್ಟೆ ಹತ್ತಿದರೆ ಬೆನ್ನು ಕೈಗೆ ಸಿಗುತ್ತಿತ್ತು. ಅಪ್ಪ ಕೆಂಪು ಬಣ್ಣದ ಡಬ್ಬಿ ತೆರೆದು ಕಟ್ಟೆಯ ಮೇಲಿಟ್ಟಿದ್ದಷ್ಟೇ, ನೋರಾಳ ಫೋನು ಬಂತು. ಬಿಷಪ್ಪನ ಗುಂಪಿನ ಹಸುವೊಂದು ಕಾಲುವೆಗೆ ಬಿದ್ದಿತ್ತು. ನೀಲಿ ಹಸುಗಳ ನಂಬರು ಬರೆಯದೆಯೇ ಅಪ್ಪ ಓಡಿದ.

ಅಜ್ಜಿ ಹೋಳಿಗೆಯ ತಟ್ಟೆ, ಕುಂಕುಮದ ಭರಣಿ ಹಿಡಿದು ಹೊರಗೆ ಬಂದಳು. ಸಾಲಾಗಿ ನಿಂತ ಹಸುಗಳನ್ನು ನೋಡಿದಳು. ತೆರೆದಿಟ್ಟ ಕೆಂಪು ಬಣ್ಣವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇವು ಬರೋ ಕಾರಹುಣ್ಣಿಮೆಗೆ ಎಷ್ಟು ಇರ್ತಾವೋ ಏನೋ. ಹೋಗೋ ದನಕ್ಕೂ ಒಂದು ಹಬ್ಬ ಬ್ಯಾಡ್ವಾ ಚಿನ್ನಿ?"

ಬೇಡ ಎನ್ನಬೇಕಿತ್ತು. ಅಪ್ಪನ ನೀಲಿ ಕೆಂಪಿನ ಲೆಕ್ಕವನ್ನು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಆದರೆ ಆ ಡಬ್ಬಿಯ ಕೆಂಪು, ಅಜ್ಜಿಯ ಮುಖ, ಶಾಲೆಯಲ್ಲಿ ಯಾರಿಗೂ ಇಲ್ಲದ ನನ್ನದೇ ಒಂದು ಹಬ್ಬ. ನಾನು ಬಾಯಿ ಮುಚ್ಚಿಕೊಂಡು ಅಂಗೈಯನ್ನು ಬಣ್ಣಕ್ಕೆ ಅದ್ದಿದೆ. ಅಜ್ಜಿಯದೊಂದು ಕೈ, ನನ್ನದೊಂದು ಕೈ, ಪ್ರತಿ ಬೆನ್ನಿಗೂ ಜೋಡಿ. ಒಂದು ಸಾಲು ಮುಗಿದಾಗ ಜಾರುಗೇಟು ಎಳೆದು ಇನ್ನೊಂದು ಸಾಲನ್ನು ಬಿಟ್ಟುಕೊಂಡವಳೂ ನಾನೇ. ಅಜ್ಜಿ ಎಟುಕಿದ ಹಣೆಗೆ ಕುಂಕುಮ ಇಟ್ಟು, ಹೋಳಿಗೆ ಮುರಿದು ಬಾಯಿಗೆ ಕೊಟ್ಟಳು. ಅವು ಮೊದಲು ಮೂಸಿ, ಅನುಮಾನಪಟ್ಟು, ಆಮೇಲೆ ಅವಳ ಸೆರಗನ್ನೇ ನೆಕ್ಕತೊಡಗಿದವು. ಮೂವತ್ತೂ ಮುಗಿಯುವ ಹೊತ್ತಿಗೆ ಹಿಂದಿನವು ಒಂದಕ್ಕೊಂದು ಮೈ ಉಜ್ಜಿಕೊಂಡು, ಹಸಿ ಕೆಂಪು ಹಳೆಯ ನೀಲಿಯ ಮೇಲೆ ಹರಿದು, ಬೆನ್ನುಗಳೆಲ್ಲ ನೇರಳೆ ಹಣ್ಣು ಜಜ್ಜಿದ ಹಾಗಾಗಿದ್ದವು. ಅಷ್ಟು ಖುಷಿಯಾದ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ಅಪ್ಪ ಮತ್ತು ನೋರಾ ಕೆಸರು ಮೆತ್ತಿಕೊಂಡು ಒಟ್ಟಿಗೇ ಬಂದರು. ಅಪ್ಪ ಗೇಟಿನಲ್ಲೇ ನಿಂತುಬಿಟ್ಟ. ಯಾವುದು ನೀಲಿ ಇತ್ತು, ಯಾವುದು ಇರಲಿಲ್ಲ ಎಂದು ಈಗ ಬ್ರಹ್ಮನೂ ಹೇಳುವಂತಿರಲಿಲ್ಲ. ಆ ಎಣ್ಣೆಬಣ್ಣದ ರಾಡಿಯ ಮೇಲೆ ಇನ್ನೊಂದು ಬಣ್ಣ ಬಿದ್ದರೂ ಓದಲಾಗುತ್ತಿರಲಿಲ್ಲ. ಅವನ ಮುಖ ನೋಡಿಯೇ ಅಜ್ಜಿಗೆ ಏನೋ ಕೆಟ್ಟಿದ್ದು ಗೊತ್ತಾಯಿತು. ಅಪ್ಪ ಅವಳಿಗೆ ಮೆಲ್ಲಗೆ, ಎರಡೇ ಮಾತಿನಲ್ಲಿ ಹೇಳಿದ. ಅಜ್ಜಿ ಬಣ್ಣದ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ನೋರಾ ಕಟ್ಟೆ ಹತ್ತಿ ಒಂದು ಬೆನ್ನನ್ನು ಬಗ್ಗಿ ನೋಡಿದಳು. ಅಲ್ಲಿ ಒಂದು ದೊಡ್ಡ ಅಂಗೈ ಇತ್ತು, ಒಂದು ಸಣ್ಣದು.

"ತಪ್ಪು ನನ್ನದು, ನೋರಾ," ಅಪ್ಪ ಹೇಳಿದ. "ಬರೆದುಕೊಳ್ಳದೆ ಹೋದೆ. ಡಬ್ಬಿ ಮುಚ್ಚದೆ ಹೋದೆ."

"ಹೌದು, ನಿನ್ನದೇ," ನೋರಾ ಎಂದಳು. ನನ್ನ ಕೈ ಕಡೆ ನೋಡಿದಳು. "ಈಗೇನು ಮಾಡ್ತೀಯ?"

"ಕಣ್ಣಲ್ಲೇ ಕಾಯಬೇಕು."

ಕಣ್ಣಲ್ಲೇ ಕಾಯುವುದೆಂದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹುಲ್ಲುಗಾವಲಿನ ಗೇಟಿನ ಹೊರಗೆ ನಿಂತು ಯಾವ ಹಸು ಬೆದೆಯಲ್ಲಿದೆ, ಹೋರಿ ಯಾವುದರ ಹಿಂದಿದೆ ಎಂದು ಬರೆದುಕೊಳ್ಳುವುದು. ಬಣ್ಣ ಇದ್ದಾಗ ಅಪ್ಪ ಜೀಪಿನಲ್ಲಿ ಒಂದು ಸುತ್ತು ಹಾಕಿ, ಬೆನ್ನು ನೋಡಿ ಬರುತ್ತಿದ್ದ, ಅಷ್ಟೇ. ಅಂದು ರಾತ್ರಿ ಊಟಕ್ಕೆ ಹೋಳಿಗೆ ಇದ್ದರೂ ಯಾರೂ ಎರಡನೆಯದು ಕೇಳಲಿಲ್ಲ. ಅಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಹೋಗಿ ಒಲೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಈ ಮನೆ ಹೋಗುತ್ತದೆ, ಹೋಗುವುದು ನನ್ನಿಂದ, ಇದು ನನಗೊಬ್ಬಳಿಗೇ ಗೊತ್ತು ಎಂದುಕೊಳ್ಳುತ್ತಾ ನಾನು ಉಗುರಿನ ಸಂದಿಯ ಕೆಂಪನ್ನು ಕೆರೆಯುತ್ತಿದ್ದೆ. ಮಾರನೆಯ ಬೆಳಿಗ್ಗೆ ನೋಡಿದರೆ ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು, ಅಪ್ಪನ ಹಳೆಯ ಜಾಕೆಟ್ಟನ್ನು ಸೀರೆಯ ಮೇಲೆ ತೊಟ್ಟು, ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಗೇಟಿನ ಕಡೆ ಹೊರಟಿದ್ದಳು. ತಾನು ಕೆಡಿಸಿದ್ದನ್ನು ತಾನೇ ಕಾಯುತ್ತೇನೆ ಎಂದಳು. ಅಪ್ಪ ಬೇಡವೆಂದ. ಅವನ ಮಾತನ್ನು ಅವಳು ಯಾವತ್ತು ಕೇಳಿದ್ದಳು?

ಹೀಗೆ ನಮ್ಮ ಮನೆಯ ದಿನಚರಿಯೇ ಬದಲಾಯಿತು. ತಿಂಡಿ ಗೇಟಿನ ಹತ್ತಿರ, ಸಂಜೆಯ ಕಾಫಿ ಗೇಟಿನ ಹತ್ತಿರ. ಎರಡನೆಯ ದಿನದಿಂದ ನೋರಾ ಕೂಡ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬಂದು ಅಜ್ಜಿಯ ಪಕ್ಕ ನಿಲ್ಲತೊಡಗಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ನೋರಾ ಒಂದು ಹಸುವಿನ ಕಡೆ ಗದ್ದ ಎತ್ತಿದರೆ ಅಜ್ಜಿ ತಲೆ ಅಲ್ಲಾಡಿಸಿ ಇನ್ನೊಂದರ ಕಡೆ ಬೆರಳು ಮಾಡುತ್ತಿದ್ದಳು. ಅಪ್ಪ ಹೇಳುವಂತೆ ಹೆಚ್ಚಿನ ಸಲ ಅಜ್ಜಿಯೇ ಸರಿ. ನಾಲ್ಕನೆಯ ಸಂಜೆ ಅಜ್ಜಿ ಕಾಫಿಯ ಲೋಟವನ್ನು ಕೆಳಗಿಟ್ಟು ಕುರ್ಚಿಯಿಂದ ಎದ್ದಳು.

"ಮಂಜಾ, ಬಾ ಇಲ್ಲಿ. ನಿನ್ನ ಕೆಂಚ ಹತ್ತುತ್ತೆ, ಇಳಿಯುತ್ತೆ. ಕೆಲಸ ಆಗ್ತಿಲ್ಲ."

"ಹಂಗೇನಿಲ್ಲ ಅವ್ವಾ. ಮೊನ್ನೆ ಮೂವತ್ತರಲ್ಲಿ ಹತ್ತಿರ ಹತ್ತಿರ ಇಪ್ಪತ್ತಕ್ಕೆ ನೀಲಿ ಇತ್ತು, ನಾನೇ ನೋಡಿದೀನಿ."

"ಬಣ್ಣ ಹತ್ತಿದ್ದಕ್ಕೆ ಬೀಳುತ್ತೆ ಕಣಪ್ಪಾ. ಗಬ್ಬ ಬಣ್ಣದಿಂದ ಆಗುತ್ತಾ? ಹಿಂದಿನ ಎಡಗಾಲು ನೋಡು."

ಅಪ್ಪ ನೋಡಿದ. ನೋರಾ ನೋಡಿದಳು. ನಾನೂ ಗೇಟಿನ ಕಂಬಿ ಹಿಡಿದು ನೋಡಿದೆ. ಕೆಂಚ ಒಂದು ಹಸುವಿನ ಮೇಲೆ ಹಾರಿತು. ಭಾರ ಹಿಂಗಾಲಿಗೆ ಬಿದ್ದ ಕೂಡಲೇ ಎಡಗಾಲು ನಡುಗಿ ಜಾರಿತು, ಗದ್ದ ಬೆನ್ನಿಗೆ ಉಜ್ಜಿಕೊಂಡು ಇಳಿದುಬಿಟ್ಟಿತು. ಮತ್ತೆ ಹಾರಿತು, ಮತ್ತೆ ಅದೇ. ಬಣ್ಣವನ್ನು ಕೇಳಿದ್ದರೆ ಅದು ಎರಡು ಸಲವೂ ಕೆಲಸವಾಯಿತು ಎಂದು ಹೇಳುತ್ತಿತ್ತು. ಮಾರನೆಯ ದಿನ ದನದ ಡಾಕ್ಟರ್ ಬಂದು ಕಾಲಿನ ಕೀಲು ಮುಟ್ಟಿ ನೋಡಿ, ಒಳಗೆ ಉಳುಕಿದೆ, ಹಲವು ದಿನಗಳಿಂದ ಇದ್ದಿರಬೇಕು, ಈ ವರ್ಷಕ್ಕೆ ಇದು ಸಾಕು ಎಂದ. ಅಪ್ಪ ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತ. ಹಬ್ಬದ ದಿನ ಎಲ್ಲವೂ ಸರಿಯಾಗಿ ನಡೆದಿದ್ದರೆ ಅವನು ನೀಲಿಯನ್ನು ನಂಬಿ, ನಿಶ್ಚಿಂತೆಯಿಂದ ಕೆಂಪು ಕಟ್ಟಿ, ಆ ಕೆಂಪು ಇದ್ದಬದ್ದ ಬೆನ್ನಿಗೆಲ್ಲ ಬೀಳುವವರೆಗೆ ಇನ್ನೂ ಮೂರು ವಾರ ಕಾಯುತ್ತಿದ್ದ. ಆಮೇಲೆ ಉಳಿಯುತ್ತಿದ್ದದ್ದು ಮೂರೇ ವಾರ. ಮೂವತ್ತು ಹಸು ಗೊಡ್ಡಾಗಲು ಅಷ್ಟು ಸಾಕು.

ಬಿಷಪ್ಪನ ಗುಂಪಿನಲ್ಲಿ ಹೆಚ್ಚಿನವು ಆಗಲೇ ಗಬ್ಬ ನಿಂತ ಹಾಗೆ ಕಾಣುತ್ತಿತ್ತು. ಎರಡೂ ಗುಂಪನ್ನು ಒಂದೇ ಹುಲ್ಲುಗಾವಲಿಗೆ ಸೇರಿಸುವುದೆಂದು ಅಪ್ಪ ಹೇಳಿದ. ಬಿಷಪ್ಪನಿಗೆ ನೋಡಿಕೊಳ್ಳಲು ಇನ್ನೊಂದು ಚರ್ಚಿನ ಊರು ಸಿಕ್ಕಿತು ಎಂದು ನೋರಾ ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲಿನ ಐದು ವಾರ ಮುದಿ ಬಿಷಪ್ ತೂಕ ಇಳಿಸಿಕೊಂಡು, ಗತ್ತು ಬಿಡದೆ, ತನ್ನ ಧರ್ಮ ನಡೆಸಿತು. ಅಜ್ಜಿ ಮತ್ತು ನೋರಾ ಒಂದು ದಿನವೂ ತಪ್ಪಿಸದೆ ಗೇಟಿನ ಹತ್ತಿರ ಕೂತರು. ಜುಲೈ ಕೊನೆಗೆ ಹೋರಿಯನ್ನು ಹೊರಗೆ ತಂದಾಗ ಅಜ್ಜಿ ಅದರ ಮುಂದೆ ಗೇಟಿನ ಈಚೆಯಿಂದಲೇ ಕೈ ಮುಗಿದಳು. ಆಗಸ್ಟಿನಲ್ಲಿ ವೀಸಾ ಮುಗಿದು ಊರಿಗೆ ಹೋದಳು. ಹೋಗುವಾಗ ಅಪ್ಪನ ಕೈ ಹಿಡಿದು, ಗೊಡ್ಡು ಉಳಿದರೆ ಅದು ನನ್ನಿಂದ, ಮಗಾ, ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ, ಆಗಲೂ ಬಾಯಿ ಬಿಡಲಿಲ್ಲ. ಈಗ ನಾನು ಡನ್ ಲಿಯರಿ ಎಂಬ ಕಡಲತೀರದ ಊರಿನ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತೇನೆ. ತಪ್ಪು ಮಾಡಿ ಬಾಯಿ ಬಿಗಿದು ನಿಂತ ಮಗುವನ್ನು ಗದರಿಸಲು ನನಗೆ ಆಗುವುದೇ ಇಲ್ಲ. ಆ ಬಾಯಿಯ ಹಿಂದೆ ಎಷ್ಟು ಭಾರ ಇರುತ್ತದೆ ಎಂದು ಬಲ್ಲೆ.

ಸೆಪ್ಟೆಂಬರಿನಲ್ಲಿ ಸ್ಕ್ಯಾನ್ ಮಾಡುವವನು ಬಂದ. ಅದೇ ಓಣಿ, ಅದೇ ಕಟ್ಟೆ. ಅಮ್ಮ ರಜೆ ಹಾಕಿ ಅಡುಗೆಮನೆಯ ಕಿಟಕಿಯಲ್ಲೇ ನಿಂತಿದ್ದಳು, ಹೊರಗೆ ಬರುವ ಧೈರ್ಯ ಅವಳಿಗಿರಲಿಲ್ಲ. ಅವನು ಒಂದೊಂದೇ ಹಸುವನ್ನು ನೋಡಿ ಕೂಗುತ್ತಿದ್ದ, ಅಪ್ಪ ಬರೆಯುತ್ತಿದ್ದ. ಗಬ್ಬ. ಗಬ್ಬ. ಗಬ್ಬ. ಖಾಲಿ. ಗಬ್ಬ. ಕೊನೆಗೆ ಅರವತ್ತರಲ್ಲಿ ಖಾಲಿ ಉಳಿದದ್ದು ನಾಲ್ಕು. ನೋರಾ ಪಟ್ಟಿಯನ್ನು ಎರಡು ಸಲ ಓದಿ, ಮಡಿಚಿ, ಹಸಿರು ಕೋಟಿನ ಜೇಬಿಗೆ ಹಾಕಿಕೊಂಡಳು. ಮನೆಯ ವಿಚಾರ ಎತ್ತಲಿಲ್ಲ, ಗುತ್ತಿಗೆಯ ವಿಚಾರ ಎತ್ತಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ನಿಂತು ಕೇಳಿದಳು:

"ಮಂಜು, ವಸಂತಕ್ಕೆ ನಾವು ಯಾವ ಹೋರಿ ತರೋಣ?"

ಅಪ್ಪ ಗಂಭೀರವಾಗಿ ಹೋರಿಯ ಜಾತಿಗಳ ಬಗ್ಗೆ ಹೇಳತೊಡಗಿದ. ಒಳಗೆ ಕಿಟಕಿಯಲ್ಲಿ ಅಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ಅಳುತ್ತಿದ್ದಳು. ಅವಳಿಗೆ ಮೊದಲು ಅರ್ಥವಾಗಿತ್ತು.

ಬೂಟು ಬಿಚ್ಚುವುದಕ್ಕೂ ನಿಲ್ಲದೆ ಅಪ್ಪ ಊರಿಗೆ ಫೋನು ಮಾಡಿದ. ಎಲ್ಲ ಹೇಳಿ ಮುಗಿಸಿದಾಗ ಆ ಕಡೆಯಿಂದ ಅಜ್ಜಿ ಮೂಗು ಏರಿಸುವ ಸದ್ದು ಮಾತ್ರ ಕೇಳಿಸಿತು. ನನ್ನಿಂದ ತಡೆಯಲಾಗಲಿಲ್ಲ. ಫೋನು ಕಿತ್ತುಕೊಂಡು ಹಿತ್ತಿಲಿಗೆ ಓಡಿದೆ. ಆ ದಿನ ಮೊದಲ ಸಲ ಒಂದು ಇಡೀ ಸಂಗತಿಯನ್ನು ಮುರುಕು ಕನ್ನಡದಲ್ಲೇ ಹೇಳಿದೆ.

"ಅಜ್ಜಿ, ನಿಂದು ತಪ್ಪಲ್ಲ. ನಂಗೆ ಗೊತ್ತಿತ್ತು. ಆ ಬಣ್ಣ ಯಾಕೆ ಅಂತ ಅಪ್ಪ ಮುಂಚೇನೇ ಹೇಳಿದ್ದ. ನಾನು ನಿಂಗೆ ಹೇಳ್ಲಿಲ್ಲ."

ಅಜ್ಜಿ ದನಿ ತಗ್ಗಿಸಿ, ಅಪ್ಪನಿಗೆ ಕೇಳಿಸಬಾರದು ಎಂಬಂತೆ ಹೇಳಿದಳು:

"ಬಣ್ಣ ಯಾಕೆ ಅಂತ ಕೇಳಿದ್ರೆ ನೀನು ಹೇಳ್ತಿದ್ದೆ ಅಂತ ನಂಗೂ ಗೊತ್ತಿತ್ತು ಕಣೇ ಚಿನ್ನಿ. ಅದಕ್ಕೇ ನಾನು ಕೇಳ್ಲಿಲ್ಲ."